ಬೀದರಿನ ಹಳೇ ಸಾಮಾನಿನ ಅಂಗಡಿಯ ಚೀನಿ ಪಿಂಗಾಣಿ: ಯಾವುದು ತಗೋಬೇಕು, ಯಾವುದು ಬಿಡಬೇಕು

ಬೀದರ್ ಹಳೇ ಊರಿನಲ್ಲಿ ಚೌಬಾರಾದ ಸುತ್ತಿನ ಒಂದು ಒಳಗಲ್ಲಿಯಲ್ಲಿ ಈ ಅಂಗಡಿ ಇದೆ. ಬೋರ್ಡಿಲ್ಲ, ಆದ್ದರಿಂದ ಇಲ್ಲಿಯೂ ಹೆಸರಿಲ್ಲ. ಹೊರಗೆ ತಾಮ್ರದ ಹಂಡೆ, ಕಂದೀಲು, ತುಕ್ಕು ಹಿಡಿದ ತಕ್ಕಡಿ. ಒಳಗಿನ ಗೋಡೆಗೆ ಕಬ್ಬಿಣದ ರ್‍ಯಾಕುಗಳ ತುಂಬ ಪಿಂಗಾಣಿ: ತಾಟು, ಬಟ್ಟಲು, ಕಪ್ಪು-ಬಸಿ, ಮುಚ್ಚಳ ಕಳೆದುಕೊಂಡ ಬರಣಿಗಳು. ಇಲ್ಲಿ ಬರೆದಿರುವುದು ಆ ರ್‍ಯಾಕುಗಳ ಬಗ್ಗೆ ಮಾತ್ರ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಚೀನಾದ ಮಿಂಗ್ ರಾಜವಂಶದ ಕಾಲದ್ದು ಬೇಕು ಎಂದು ಹೋಗುವವರಿಗೆ ಇದು ಸರಿಯಾದ ಜಾಗ ಅಲ್ಲ. 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಮೊದಲ ಭಾಗದ ರಫ್ತು ಮಾಲನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ ಕೊಳ್ಳುವವರಿಗೆ ಈ ಭಾಗದಲ್ಲಿ ಇಷ್ಟು ಒಳ್ಳೆಯ ಅಂಗಡಿ ಸಿಗುವುದು ಕಷ್ಟ. ಒಂದೇ ಷರತ್ತು: ಮಾಲೀಕರು ಅಂಟಿಸಿದ ಚೀಟಿ ಓದಿ ರೊಕ್ಕ ಕೊಡಬೇಡಿ, ತಳ ಓದಿ ಕೊಡಿ.

ಚೀನಿ ಮಾಲು ಬೀದರಿಗೆ ಹೇಗೆ ಬಂತು ಎಂದು ಹೊರಗಿನವರು ಕೇಳುತ್ತಾರೆ. 1948ರ ತನಕ ಬೀದರ್, ಕಲಬುರಗಿ ಎರಡೂ ನಿಜಾಮರ ಸಂಸ್ಥಾನದಲ್ಲಿದ್ದವು. ಜಾಗೀರದಾರರ ದೊಡ್ಡ ಮನೆಗಳಾದ ದೇವಡಿಗಳು, ವಕೀಲರು, ವ್ಯಾಪಾರಿಗಳ ಮನೆಗಳು ಹೈದರಾಬಾದಿನ ರೀತಿಯಲ್ಲೇ ಊಟಕ್ಕೆ ದಸ್ತರಖಾನ್ ಹಾಸುತ್ತಿದ್ದವು. ಮುಂಬೈ ಬಂದರಿಗೆ ಬಂದ ಚೀನಾದ ಕ್ಯಾಂಟನ್ ಊರಿನ ತಾಟು, ಜಪಾನಿನ ಟೀ ಸೆಟ್ಟು, ಇಂಗ್ಲೆಂಡಿನ ಊಟದ ಸೆಟ್ಟು ಮೂರೂ ಒಂದೇ ಅಲ್ಮಾರಿಯಲ್ಲಿ ಸೇರಿದವು. ಈಗ ಮನೆ ಪಾಲಾದಾಗ ಮೂರೂ ಒಂದೇ ಚೀಲದಲ್ಲಿ ಗುಜರಿಗೆ ಬರುತ್ತವೆ, ಮೂರಕ್ಕೂ 'ಚೀನಾದ್ದು, ನಿಜಾಮರ ಕಾಲದ್ದು' ಎಂಬ ಒಂದೇ ಚೀಟಿ ಬೀಳುತ್ತದೆ. ಅವನ್ನು ಬೇರೆ ಮಾಡುವುದೇ ನಿಮ್ಮ ಮೊದಲ ಕೆಲಸ.

ಅಂಗಡಿಯ ದೊಡ್ಡ ಗುಣವೆಂದರೆ ಮುಟ್ಟಲು ಬಿಡುತ್ತಾರೆ. 'ಕೈಯಾಗ ಹಿಡದು ನೋಡ್ರಿ ಸಾಹೇಬ್ರ, ಅವಸರ ಬ್ಯಾಡ' ಎಂದು ಮಾಲೀಕರೇ ಒಂದು ಗೋಣಿತಾಟು ಹಾಸಿ ಕೊಡುತ್ತಾರೆ. ನೀರು ಕೇಳಿದರೆ ಕೊಡುತ್ತಾರೆ, ಒರೆಸಿ ನೋಡುವುದಕ್ಕೂ ಬೇಸರಿಲ್ಲ. ಒಳಗೆ ಇರುವುದು ಟ್ಯೂಬ್‌ಲೈಟು. ಅದರ ಬೆಳಕಿನಲ್ಲಿ ನೀಲಿ ಬಣ್ಣದ ನಿಜ ಛಾಯೆ ಗೊತ್ತಾಗುವುದಿಲ್ಲ. ನಡುಹಗಲಿಗೆ ಹೋಗಿ, ಸಾಮಾನನ್ನು ಬಾಗಿಲಿಗೆ ತಂದು ನೋಡಿ. ಜೊತೆಗೆ ಅಕ್ಕಸಾಲಿಗರು ಬಳಸುವ 10 ಪಟ್ಟಿನ ಭೂತಗನ್ನಡಿ, ಮೊಬೈಲ್ ಟಾರ್ಚು, ಒದ್ದೆ ಅರಿವೆ, ಅಳತೆ ಟೇಪು, 365 ನ್ಯಾನೋಮೀಟರಿನ ಯುವಿ ಟಾರ್ಚು ಇರಲಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 395ರ ಟಾರ್ಚು ಬೇಡ. ಅದರ ನೇರಳೆ ಬೆಳಕೇ ಕಣ್ಣು ತುಂಬಿ, ರಿಪೇರಿಯ ಹೊಳಪು ಅದರಲ್ಲಿ ಮುಳುಗಿಹೋಗುತ್ತದೆ.

ಮೊದಲು ಬೋರಲು ಹಾಕಿ ಪಾದದ ಉಂಗುರ, ಅಂದರೆ ತಾಟು ನಿಲ್ಲುವ ತಳದ ದುಂಡು ಏಣು, ನೋಡಿ. ಚಿತ್ರ ನಕಲು ಮಾಡುವುದು ಸುಲಭ, ಮುದ್ರೆ ನಕಲು ಮಾಡುವುದು ಇನ್ನೂ ಸುಲಭ, ಪಾದ ಕಷ್ಟ. ಚೀನಾದ ಪಿಂಗಾಣಿ ಊರು ಜಿಂಗ್‌ದೆಝೆನ್‌ನಲ್ಲಿ ಪಿಂಗಾಣಿ ಕಲ್ಲಿನ ಪುಡಿ ಮತ್ತು ಕಾಯೊಲಿನ್ ಮಣ್ಣು ಕಲಸಿ, ಹಸಿ ಮೈಗೇ ಗಾಜಿನ ಲೇಪ ಕೊಟ್ಟು, ಸುಮಾರು 1300 ಡಿಗ್ರಿಯಲ್ಲಿ ಒಂದೇ ಸಲ ಸುಡುತ್ತಿದ್ದರು. ಲೇಪ ಕರಗಿ ಭಟ್ಟಿಯ ಪೆಟ್ಟಿಗೆಗೆ ಅಂಟಬಾರದೆಂದು ಪಾದದ ತುದಿಯನ್ನು ಒರೆಸಿ ಬರಿ ಮೈ ಬಿಡುತ್ತಿದ್ದರು. ಭಟ್ಟಿ ಆರುವಾಗ ಮಣ್ಣಿನಲ್ಲಿರುವ ಚೂರು ಕಬ್ಬಿಣ ಗಾಳಿಗೆ ಸಿಕ್ಕಿ, ಲೇಪ ಮುಗಿಯುವ ಅಂಚಿನಲ್ಲಿ ಕಿತ್ತಳೆ-ಕಂದು ಗೆರೆ ಮೂಡುತ್ತದೆ. ಆ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಕೆಲವೆಡೆ ಇಲ್ಲವೇ ಇಲ್ಲ. ಹೊಸ ನಕಲಿನಲ್ಲಿ ಈ ಕಂದನ್ನು ಬ್ರಶ್ಶಿನಿಂದ ಬಳಿದಿರುತ್ತಾರೆ: ಉಂಗುರದ ಸುತ್ತ ಒಂದೇ ಬಣ್ಣ, ಒಂದೇ ಅಗಲ. ಭೂತಗನ್ನಡಿ ಹಿಡಿದರೆ ಬ್ರಶ್ಶಿನ ಎಳೆ ಕಾಣುತ್ತದೆ.

ಸವೆತವೂ ಪಾದದಲ್ಲೇ ಗೊತ್ತಾಗುತ್ತದೆ. ನೂರು ವರ್ಷ ಅಲ್ಮಾರಿಯ ಹಲಗೆಯ ಮೇಲೆ ಎಳೆದಾಡಿದ ತಾಟು ಹಲಗೆಗೆ ತಾಗುವ ಏಣಿನಲ್ಲಿ ಮಾತ್ರ ನುಣುಪಾಗುತ್ತದೆ, ಆ ಏಣಿನ ಒಳಮಗ್ಗುಲಲ್ಲಿ ಭಟ್ಟಿಯ ಮರಳು ಹಾಗೇ ಉಳಿದಿರುತ್ತದೆ. ಮರಳುಕಾಗದ ಉಜ್ಜಿದ ಪಾದ ಒಳಗೂ ಹೊರಗೂ ಒಂದೇ ತರ ನುಣುಪು. ತಾಟಿನ ಮುಖವನ್ನೂ ಹಾಗೇ ನೋಡಿ. ನಿಜವಾದ ಬಳಕೆಯ ಗೀರುಗಳು ದಿಕ್ಕು ದಿಕ್ಕಿಗೆ ಓಡುತ್ತವೆ, ಚಿನ್ನದ ಅಂಚು ಕೈ ಹಿಡಿಯುವ ಕಡೆ ಹೆಚ್ಚು ಹೋಗಿರುತ್ತದೆ. ಬೇಕೆಂದೇ ಎಳೆದ ಗೀರುಗಳು ಸಾಲಾಗಿ ಒಂದೇ ಕಡೆಗೆ ಇರುತ್ತವೆ. ಹೊಳಪು ಎಲ್ಲ ಕಡೆ ಒಂದೇ ಸಮ ಮಂಕಾಗಿ, ಗೀರೇ ಇಲ್ಲದಿದ್ದರೆ ಆಸಿಡ್ಡಿನಲ್ಲಿ ಅದ್ದಿದ ಹೊಸ ಮಾಲು ಎಂದು ಅನುಮಾನಿಸಿ.

ಜಪಾನಿನ ಇಮಾರಿ ತಾಟುಗಳು ಇಲ್ಲಿ ಚೀನಿ ಎಂದೇ ಮಾರಾಟವಾಗುತ್ತವೆ. ತಳದ ಲೇಪದ ಮೇಲೆ, ಉಂಗುರದ ಒಳಗೆ, ಮೂರೋ ಐದೋ ಚಿಕ್ಕ ಚುಕ್ಕೆ ಗಾಯಗಳಿದ್ದರೆ ಅದು ಜಪಾನಿನ ಅರಿತಾ ಕಡೆಯದು. ದೊಡ್ಡ ತಾಟು ಭಟ್ಟಿಯಲ್ಲಿ ಕುಸಿಯಬಾರದೆಂದು ಅಲ್ಲಿಯವರು ನಡುವೆ ಮಣ್ಣಿನ ಮೊಳೆ ಇಟ್ಟು ಸುಡುತ್ತಿದ್ದರು. ಚೀನಿ ತಾಟಿನಲ್ಲಿ ಸಾಮಾನ್ಯವಾಗಿ ಆ ಗುರುತು ಇರುವುದಿಲ್ಲ.

ಸೇತುವೆ, ವಿಲೋ ಮರ, ಮೇಲೆ ಎರಡು ಹಕ್ಕಿ ಇರುವ ನೀಲಿ ತಾಟುಗಳ ರಾಶಿಯೇ ಇದೆ. ಅವು ಚೀನಾದವಲ್ಲ. ಆ ನಮೂನೆ 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಹುಟ್ಟಿತು, ಕಾಗದದಿಂದ ಒತ್ತಿದ ಅಚ್ಚು. ಭೂತಗನ್ನಡಿಯಲ್ಲಿ ಬ್ರಶ್ಶಿನ ಹರಿವಿಲ್ಲದ ಸಣ್ಣ ಗೆರೆ-ಚುಕ್ಕೆಗಳು ಕಾಣುತ್ತವೆ, ಅಂಚಿನ ಪಟ್ಟಿಯಲ್ಲಿ ಕಾಗದ ಕೂಡಿದ ಜಾಗದಲ್ಲಿ ಚಿತ್ರ ಕತ್ತರಿಸಿದಂತೆ ನಿಲ್ಲುತ್ತದೆ. ಎಲ್ಲಾದರೂ ಮೊದಲೇ ಚಕ್ಕೆ ಹಾರಿದ್ದರೆ ಅಲ್ಲಿ ಒಂದು ಹನಿ ನೀರಿಡಿ. ಬಿಳಿಮಣ್ಣಿನದಾದರೆ ಹನಿ ಇಂಗುತ್ತದೆ, ಲೇಪ ಬೇರೆ ಪದರವಾಗಿ ಕಾಣುತ್ತದೆ. ಪಿಂಗಾಣಿಯಾದರೆ ಹನಿ ಹಾಗೇ ನಿಲ್ಲುತ್ತದೆ, ಒಡೆದ ಜಾಗ ಗಾಜಿನಂತೆ ಮಿನುಗುತ್ತದೆ. ಟಾರ್ಚು ಹಿಂದೆ ಹಿಡಿದರೆ ಬೆರಳಿನ ನೆರಳು ಕಾಣುವುದೂ ಪಿಂಗಾಣಿಯ ಗುರುತು, ಆದರೆ ದಪ್ಪ ಪಾತ್ರೆಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಮೇಲಿನ ರ್‍ಯಾಕಿನ ಮೊಟ್ಟೆಸಿಪ್ಪೆಯಷ್ಟು ತೆಳುವಾದ ಡ್ರ್ಯಾಗನ್ ಕಪ್ಪುಗಳೂ ಜಪಾನಿನವೇ. ಡ್ರ್ಯಾಗನ್ ಮೈ ಮುಟ್ಟಿದರೆ ಉಬ್ಬಿದೆ. ಕಪ್ಪನ್ನು ಬೆಳಕಿಗೆ ಎತ್ತಿದರೆ ತಳದಲ್ಲಿ ಹೆಂಗಸಿನ ಮುಖ ಮೂಡುತ್ತದೆ. 20ನೇ ಶತಮಾನದ ರಫ್ತು ಮಾಲು. ಚೆಂದ ಇವೆ, ಆರು ಕಪ್ಪು ಆರು ಬಸಿ ಪೂರ್ತಿ ಸಿಕ್ಕರೆ ಖುಷಿಯಿಂದ ತಗೊಳ್ಳಿ. ಚೀನಿ ಎಂದು ದರ ಏರಿಸಿದರೆ ಒಪ್ಪಬೇಡಿ.

ಈಗ ಅಂಗಡಿಯ ಹೆಮ್ಮೆಯ ತುಂಡಿಗೆ ಬರೋಣ. ಸುಮಾರು 20 ಸೆಂ.ಮೀ. ಎತ್ತರದ ನೀಲಿ-ಬಿಳಿ ಶುಂಠಿ ಬರಣಿ, ಬಿರುಕು ಬಿಟ್ಟ ಮಂಜುಗಡ್ಡೆಯಂಥ ನೀಲಿ ನೆಲದ ಮೇಲೆ ಬಿಳಿ ಪ್ಲಮ್ ಹೂವು. ತಳದಲ್ಲಿ ಎರಡು ಉಂಗುರದೊಳಗೆ ನಾಲ್ಕಕ್ಷರ, ಚೀನಾದ ಕಾಂಗ್‌ಶಿ ದೊರೆಯ (1662–1722) ಹೆಸರು. ಚೀಟಿಯಲ್ಲಿ '1700' ಎಂದಿದೆ. ಅಕ್ಷರ ಓದುವವರು ತಪ್ಪು ಓದಿಲ್ಲ, ಕಾಂಗ್‌ಶಿ ಎಂದೇ ಬರೆದಿದೆ. ಆದರೆ ಈ ಪ್ಲಮ್ ಹೂವಿನ ಬರಣಿಗಳ ಮೇಲೆ ನಾಲ್ಕಕ್ಷರದ ಕಾಂಗ್‌ಶಿ ಮುದ್ರೆ ಬಿದ್ದದ್ದು ಬಹುಮಟ್ಟಿಗೆ 19ನೇ ಶತಮಾನದ ಕೊನೆಯಲ್ಲಿ, ಗ್ವಾಂಗ್‌ಶು ದೊರೆಯ ಕಾಲದಲ್ಲಿ. ಆಗ ಯುರೋಪಿನವರಿಗೆ ಕಾಂಗ್‌ಶಿ ಕಾಲದ ನೀಲಿಯ ಹುಚ್ಚು ಹಿಡಿದಿತ್ತು, ಜಿಂಗ್‌ದೆಝೆನ್ ಅದಕ್ಕೆ ತಕ್ಕಂತೆ ಸುಟ್ಟು ಕಳಿಸಿತು. ಕಾಂಗ್‌ಶಿ ಕಾಲದ ನಿಜವಾದ ಬರಣಿಯಲ್ಲಿ ನೀಲಿಯ ಬಳಿತದೊಳಗೇ ತಿಳಿ-ಗಾಢ ಪದರಗಳು ಕಾಣುತ್ತವೆ, ಒಂದೊಂದು ಮಂಜಿನ ಚೂರಿಗೂ ಬೇರೆ ಛಾಯೆ. ಈ ಬರಣಿಯ ನೀಲಿ ನೇರಳೆಗೆ ತಿರುಗಿದೆ, ಚಪ್ಪಟೆಯಾಗಿದೆ. ಬಿರುಕಿನ ಗೆರೆಗಳನ್ನು ಅವಸರದಲ್ಲಿ ಎಳೆದಿದ್ದಾರೆ, ಹೂವುಗಳೆಲ್ಲ ಒಂದೇ ತರ ಇವೆ.

ಆದರೂ ಇದು ನಕಲಿ ಮಾಲಲ್ಲ. ಒಳಗೆ ಕೈ ಹಾಕಿ ಬೆರಳಾಡಿಸಿದರೆ ಹೊಟ್ಟೆಯ ನಡುವೆ ಅಡ್ಡ ಏಣು ಸಿಗುತ್ತದೆ. ಕೆಳಗಿನ ಅರ್ಧ, ಮೇಲಿನ ಅರ್ಧ ಬೇರೆ ಬೇರೆ ತಿರುಗಿಸಿ ಕೂಡಿಸಿದ ಗುರುತು ಅದು. ಅಚ್ಚಿಗೆ ನೀರುಮಣ್ಣು ಹೊಯ್ದು ತೆಗೆದ ಈಗಿನ ಬರಣಿಯಲ್ಲಿ ಒಳಮೈ ನುಣ್ಣಗಿದ್ದು, ಉದ್ದಕ್ಕೆ ಇಳಿಯುವ ಗೆರೆ ಇರುತ್ತದೆ. ಬಾಯಿಯ ಒಳ ಅಂಚು ಲೇಪವಿಲ್ಲದೆ ಒರಟಾಗಿದೆ, ಪಾದದ ಕಿತ್ತಳೆ ಗೆರೆ ಸಹಜವಾಗಿದೆ. ಅಂದರೆ 1880ರಿಂದ 1910ರ ನಡುವಿನ ಪ್ರಾಮಾಣಿಕ ಬರಣಿ. ಮುಚ್ಚಳ ಮಾತ್ರ ಬೇರೆ ಬರಣಿಯದು: ಅದರ ಲೇಪ ಹೆಚ್ಚು ಬಿಳಿ, ಕೂರಿಸಿದರೆ ಗಡಗಡ ಆಡುತ್ತದೆ. 1700ರ ದರ ಕೊಡಬೇಡಿ, ಶತಮಾನ ದಾಟಿದ ಚೆಂದದ ಬರಣಿಯ ದರ ಕೇಳಿ.

ಮುದ್ರೆ ನೋಡುವುದು ಕೊನೆಗೆ, ಆದರೆ ನೋಡುವ ಕ್ರಮ ಗೊತ್ತಿರಲಿ. ಆರಕ್ಷರದ್ದು ಸಾಮಾನ್ಯವಾಗಿ ಮೂರು ಮೂರು ಅಕ್ಷರದ ಎರಡು ಕಂಬ. ಬಲಗಂಬ ಮೊದಲು, ಮೇಲಿನಿಂದ ಕೆಳಗೆ. ಮೊದಲೆರಡು ಅಕ್ಷರ ರಾಜವಂಶ, ಮುಂದಿನ ಎರಡು ದೊರೆಯ ಆಳ್ವಿಕೆಯ ಹೆಸರು, ಕೊನೆಯ ಎರಡು 'ಕಾಲದಲ್ಲಿ ಮಾಡಿದ್ದು'. ನಾಲ್ಕಕ್ಷರದ್ದರಲ್ಲಿ ವಂಶದ ಹೆಸರು ಇರುವುದಿಲ್ಲ. ಹಾಗಾಗಿ ನೀವು ಹೊಂದಿಸಿ ನೋಡಬೇಕಾದದ್ದು ಎರಡೇ ಅಕ್ಷರ. ಬ್ರಶ್ಶಿನಲ್ಲಿ ಬರೆದದ್ದನ್ನು ಗೂಗಲ್ ಲೆನ್ಸ್ ಅನೇಕ ಸಲ ಓದುತ್ತದೆ, ಚೌಕಾಕಾರದ ಮುದ್ರಾಲಿಪಿಯಲ್ಲಿ ಎಡವುತ್ತದೆ. ಹೆಚ್ಚು ಎದುರಾಗುವ ಹೆಸರುಗಳು: ಚೆಂಗ್‌ಹ್ವಾ 1465–1487, ಕಾಂಗ್‌ಶಿ 1662–1722, ಚಿಯೆನ್‌ಲಾಂಗ್ 1736–1795, ದಾವ್‌ಗ್ವಾಂಗ್ 1821–1850, ಗ್ವಾಂಗ್‌ಶು 1875–1908.

ಹಳೆಯ ದೊರೆಯ ಹೆಸರು ಬರೆಯುವುದು ಚೀನಾದಲ್ಲಿ ಹಿರಿಯರಿಗೆ ಸಲ್ಲಿಸುವ ಗೌರವವೂ ಆಗಿತ್ತು, ಮಾರಾಟದ ದಾರಿಯೂ ಆಗಿತ್ತು. ಕಾಂಗ್‌ಶಿ ಕಾಲದವರೇ ಚೆಂಗ್‌ಹ್ವಾ ಹೆಸರು ಬರೆದರು. 1677ರಲ್ಲಿ ಜಿಂಗ್‌ದೆಝೆನ್‌ನ ಅಧಿಕಾರಿ ದೊರೆಯ ಹೆಸರು ಪಿಂಗಾಣಿಯ ಮೇಲೆ ಬರೆಯುವುದನ್ನೇ ನಿಷೇಧಿಸಿದ. ಪಾತ್ರೆ ಒಡೆದು ತಿಪ್ಪೆಗೆ ಬಿದ್ದರೆ ಹೆಸರಿಗೆ ಅವಮಾನ ಎಂಬ ಕಾರಣಕ್ಕೆ. ಆ ಕಾಲದ ಅನೇಕ ತುಂಡುಗಳಲ್ಲಿ ಬರಿಯ ಎರಡು ಉಂಗುರ, ಅಥವಾ ಉಂಗುರದೊಳಗೆ ಒಂದು ಎಲೆ ಇರುವುದು ಅದಕ್ಕೇ. ಆದ್ದರಿಂದ ಹೆಸರು ಬರೆದ ತುಂಡಿಗಿಂತ ಖಾಲಿ ಉಂಗುರದ್ದನ್ನು ಹೆಚ್ಚು ಹೊತ್ತು ನೋಡಿ.

ಬಣ್ಣ ಸುಳ್ಳನ್ನು ಬೇಗ ಹಿಡಿಯುತ್ತದೆ. ಚಿನ್ನದಿಂದ ತೆಗೆದ ಗುಲಾಬಿ ಬಣ್ಣ ಚೀನಿ ಪಿಂಗಾಣಿಗೆ ಬಂದದ್ದು 1720ರ ಆಸುಪಾಸಿನಲ್ಲಿ. ತಳದಲ್ಲಿ ಚೆಂಗ್‌ಹ್ವಾ ಎಂದು ಬರೆದು ಮುಖದಲ್ಲಿ ಗುಲಾಬಿ ದಾಸವಾಳ ಅರಳಿದ್ದರೆ ಮಾತು ಮುಗಿಯಿತು.

ಇಂಗ್ಲಿಷಿನಲ್ಲಿ 'ಚೈನಾ' ಎಂದು ಒತ್ತಿದ್ದರೆ ಅದು 1891ರ ನಂತರದ್ದು. ಅಮೆರಿಕದ ಸುಂಕದ ಕಾನೂನು ಆ ವರ್ಷದಿಂದ ದೇಶದ ಹೆಸರು ಕಡ್ಡಾಯ ಮಾಡಿತು. 'ಮೇಡ್ ಇನ್ ಚೈನಾ' ಎಂಬುದು ಸಾಮಾನ್ಯವಾಗಿ ಇನ್ನೂ ಈಚಿನದು, ಬಹಳಷ್ಟು 20ನೇ ಶತಮಾನದ ಎರಡನೇ ಭಾಗದ್ದು. ಇದನ್ನು ಉಲ್ಟಾ ಮಾಡಿ 'ಒತ್ತು ಇಲ್ಲ, ಹಾಗಾದರೆ 1891ಕ್ಕಿಂತ ಹಳೆಯದು' ಎಂದು ಅಂಗಡಿಯವರು ವಾದಿಸುತ್ತಾರೆ. ಅದು ನಿಲ್ಲುವುದಿಲ್ಲ. ಕಾನೂನು ಅಮೆರಿಕಕ್ಕೆ ಹೋಗುವ ಮಾಲಿಗೆ ಇದ್ದದ್ದು, ಮುಂಬೈಗೆ ಬಂದ ಮಾಲು ಒತ್ತಿಲ್ಲದೆಯೂ ಬಂದಿರಬಹುದು. ಅಕ್ಕಿಕಾಳಿನಂಥ ತೂತುಗಳಲ್ಲಿ ಬೆಳಕು ಹಾಯುವ ನೀಲಿ-ಬಿಳಿ ಬಟ್ಟಲುಗಳೂ ಈ ರ್‍ಯಾಕಿನಲ್ಲಿವೆ, ತಳದಲ್ಲಿ ಜಿಂಗ್‌ದೆಝೆನ್ ಹೆಸರು, 'ಮೇಡ್ ಇನ್ ಚೈನಾ' ಎರಡೂ ಇವೆ. ಐವತ್ತು-ಅರವತ್ತು ವರ್ಷದ ಅಡುಗೆಮನೆ ಸಾಮಾನು. ನಿತ್ಯ ಬಳಕೆಗೆ ಬಹಳ ಒಳ್ಳೆಯವು.

ನಮ್ಮ ಆಯ್ಕೆ ಕೇಳಿದರೆ ರೋಸ್ ಮೆಡಾಲಿಯನ್ ತಾಟುಗಳು. ನಡುವೆ ಹಕ್ಕಿ-ಹೂವಿನ ದುಂಡು, ಸುತ್ತ ಚಿತ್ರ ತುಂಬಿದ ನಾಲ್ಕು ಅಂಕಣ, ಒಂದರಲ್ಲಿ ಜನ ಕೂತಿದ್ದರೆ ಇನ್ನೊಂದರಲ್ಲಿ ಚಿಟ್ಟೆ-ಹೂವು, ನೆಲದಲ್ಲಿ ಚಿನ್ನದ ಬಳ್ಳಿ. 19ನೇ ಶತಮಾನದ ನಡುವಿನಿಂದ ಕ್ಯಾಂಟನ್‌ನಲ್ಲಿ ಬಣ್ಣ ಹಾಕಿ ಕಳಿಸಿದ ಮಾಲು. ಇಲ್ಲಿರುವ 24 ಸೆಂ.ಮೀ. ತಾಟನ್ನು ಓರೆಯಾಗಿ ಹಿಡಿದರೆ ಲೇಪದಲ್ಲಿ ಸಣ್ಣ ಗುಳಿಗಳು, ಹಸಿರು ಬಣ್ಣದ ಸುತ್ತ ಎಣ್ಣೆ ಬಿದ್ದ ನೀರಿನಂಥ ಬಣ್ಣಬಣ್ಣದ ವಲಯ ಕಾಣುತ್ತದೆ. ಬಹಳ ಕಾಲಕ್ಕೆ ಸಹಜವಾಗಿ ಬರುವ ಈ ವಲಯ ಒಳ್ಳೆಯ ಸಾಕ್ಷಿ. ಮುಖಗಳನ್ನು ಭೂತಗನ್ನಡಿಯಲ್ಲಿ ನೋಡಿ: ಹುಬ್ಬು, ಮೂಗು, ತುಟಿ ಬೇರೆ ಬೇರೆ ಗೆರೆಯಲ್ಲಿದ್ದರೆ ಹಳೆಯ ಕೈ. ಚುಕ್ಕೆಗಳ ಜಾಲರಿ ಕಂಡರೆ ಮುದ್ರಿತ ಸ್ಟಿಕ್ಕರು, ಕೆಳಗಿಡಿ.

ಅಂಗಡಿಯ ದೊಡ್ಡ ದೋಷ ರಿಪೇರಿ ಹೇಳದಿರುವುದು. ತಾಟನ್ನು ಐದು ಬೆರಳ ತುದಿಯ ಮೇಲೆ ಇಟ್ಟು ಅಂಚಿಗೆ ಉಗುರಿನಿಂದ ಬಡಿಯಿರಿ. ಗಂಟೆಯಂತೆ ದನಿ ಎಳೆದರೆ ಗಟ್ಟಿ, 'ಟಕ್' ಎಂದರೆ ಕೂದಲು ಬಿರುಕು ಹುಡುಕಿ. ಒದ್ದೆ ಅರಿವೆಯಿಂದ ಒರೆಸಿ ಹಿಂದಿನಿಂದ ಟಾರ್ಚು ಹಾಯಿಸಿದರೆ ಬಿರುಕು ಕಪ್ಪು ಎಳೆಯಾಗಿ ಎದ್ದು ಕಾಣುತ್ತದೆ. ಅಂಗಡಿಯ ಕತ್ತಲ ಮೂಲೆಯಲ್ಲಿ 365ರ ಟಾರ್ಚು ಹಾಕಿ: ಎಪಾಕ್ಸಿ ಅಂಟು, ಮೇಲೆ ಬಳಿದ ಬಣ್ಣ ಸುತ್ತಲಿನ ಲೇಪಕ್ಕಿಂತ ಬೇರೆ ಬಣ್ಣದಲ್ಲಿ ಹೊಳೆಯುತ್ತವೆ. ಟಾರ್ಚನ್ನು ಕಣ್ಣಿಗೆ ತಿರುಗಿಸಬೇಡಿ. ಹಿತ್ತಾಳೆ ಕೊಕ್ಕೆ ಹಾಕಿ ಹೊಲಿದ ತಾಟು ಕಂಡರೆ ಮಾತ್ರ ಮುಖ ತಿರುಗಿಸಬೇಡಿ. ಎಪಾಕ್ಸಿ ಬರುವ ಮುನ್ನಿನ ರಿಪೇರಿ ಅದು. ಆ ಮನೆಯವರು ಒಡೆದ ತಾಟನ್ನೂ ಎಸೆಯದೆ ಹೊಲಿಸಿದ್ದಾರೆ ಎಂದರೆ ಆಗಲೇ ಅದಕ್ಕೆ ಬೆಲೆ ಇತ್ತು.

ಇನ್ನೊಂದು ದೋಷ ಇದಕ್ಕಿಂತ ಕೆಟ್ಟದು. ಕಲೆ ಹೋಗಲೆಂದು ಕೆಲವು ತಾಟುಗಳನ್ನು ಬಾತ್‌ರೂಮ್ ಆಸಿಡ್ಡಿನಲ್ಲಿ ತೊಳೆದಿದ್ದಾರೆ. ಲೇಪದ ಕೆಳಗಿನ ನೀಲಿಗೆ ಏನೂ ಆಗುವುದಿಲ್ಲ. ಲೇಪದ ಮೇಲಿನ ಗುಲಾಬಿ, ಹಸಿರು ಬಣ್ಣಗಳು ಸೀಸ ಬೆರೆತ ಮೃದು ಗಾಜು. ಆಸಿಡ್ಡು ಅವನ್ನು ತಿಂದು ಸುಣ್ಣದಂತೆ ಮಂಕು ಮಾಡುತ್ತದೆ. ಅದನ್ನು ಸರಿ ಮಾಡುವ ದಾರಿ ಇಲ್ಲ. ದಯವಿಟ್ಟು ತೊಳೆಯದ ಸಾಮಾನನ್ನೇ ಕೇಳಿ ತಗೊಳ್ಳಿ. ಮನೆಯಲ್ಲಿ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆ ಬ್ರಶ್ಶು ಸಾಕು, ಚಿನ್ನದ ಮೇಲೆ ಉಜ್ಜಬೇಡಿ. ಅದೇ ಸೀಸದ ಕಾರಣಕ್ಕೆ ಬಣ್ಣದ ತಾಟಿನಲ್ಲಿ ಉಪ್ಪಿನಕಾಯಿ, ಹುಣಸೆಹುಳಿಯ ಸಾರು ಬಡಿಸಬೇಡಿ.

ಉರ್ದು ಓದಲು ಬರುವವರು ಅರಬ್ಬಿ ಲಿಪಿಯ ತುಂಡುಗಳನ್ನು ಬಿಡದೆ ನೋಡಿ. ಇರಾನಿನ ರಾಜಕುಮಾರ ಜಿಲ್ಲುಸ್ಸುಲ್ತಾನನಿಗೆ ಕ್ಯಾಂಟನ್‌ನಲ್ಲಿ ಮಾಡಿಸಿದ ಸೆಟ್ಟಿನ ಮೇಲೆ ಹಿಜ್ರಿ 1297 ಎಂದಿದೆ, ಅಂದರೆ 1879–80. ಹಿಜ್ರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಸುಮಾರಾಗಿ ಇಸವಿ ಸಿಗುತ್ತದೆ. ಮೊಗಲರ ಕಾಲದಿಂದಲೂ ಒಡೆಯರ ಹೆಸರನ್ನು ಪಿಂಗಾಣಿಯ ಮೇಲೆ ಕೊರೆಸುತ್ತಿದ್ದರು, ಷಹಜಹಾನನ ಹೆಸರು ಕೊರೆದ ತಾಟುಗಳು ಉಳಿದಿವೆ. ಇಂಥದ್ದು ಗುಜರಿಯಲ್ಲಿ ಕಂಡರೆ ಕೊರೆದ ಗೆರೆಯ ಅಂಚು ನೋಡಿ, ಹೊಸದಾಗಿ ಕೊರೆದದ್ದು ಚೂಪಾಗಿ ಬೆಳ್ಳಗೆ ಹೊಳೆಯುತ್ತದೆ.

ಗವಾನ್ ಮದರಸಾದ ನೀಲಿ ಹೆಂಚಿನ ಚೂರು ಎಂದು ಯಾರಾದರೂ ಕಾಗದದಲ್ಲಿ ಕಟ್ಟಿ ತಂದು ತೋರಿಸಿದರೆ ಕೈಗೂ ತಗೋಬೇಡಿ. ಅದು ಸಂರಕ್ಷಿತ ಸ್ಮಾರಕ. ಅಲ್ಲಿಯ ಚೂರನ್ನು ಕೊಳ್ಳುವುದು ಅಪರಾಧ, ನಮ್ಮ ಊರಿನ ಗೋಡೆಯನ್ನು ನಾವೇ ಕಿತ್ತಂತೆ. ಪಿಂಗಾಣಿಗೂ ಕಾನೂನಿದೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ್ದನ್ನು ವ್ಯಾಪಾರ ಮಾಡಲು ಲೈಸೆನ್ಸು ಬೇಕು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ದುಬೈಯಲ್ಲಿರುವ ಮಗನಿಗೆ ಕಳಿಸೋಣ ಎಂಬ ಆಲೋಚನೆ ಇದ್ದರೆ 'ಮೇಡ್ ಇನ್ ಚೈನಾ' ಒತ್ತಿದ ಈಚಿನದನ್ನೇ ಆರಿಸಿ.

ಕಣ್ಣು ಪಳಗಿಸಲು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಚೀನಿ, ಜಪಾನಿ ಕೋಣೆಗಳಿಗೆ ಒಂದು ಇಡೀ ದಿನ ಕೊಡಿ. ಕಲಬುರಗಿಯವರಿಗೆ ವಿಜಯಪುರದ ಗೋಲಗುಮ್ಮಟದ ಮ್ಯೂಸಿಯಮ್ಮೂ ಇದೆ, ಅಲ್ಲಿಯೂ ಚೀನಿ ಪಿಂಗಾಣಿ ಇಟ್ಟಿದ್ದಾರೆ. ಒಳ್ಳೆಯ ನೀಲಿಯನ್ನು ಕಣ್ಣಾರೆ ನೋಡಿದವರಿಗೆ ಈ ಅಂಗಡಿಯ ನೀಲಿಗಳನ್ನು ಬೇರೆ ಬೇರೆ ಮಾಡುವುದು ಅರ್ಧ ಸಲೀಸು.

ಚೌಕಾಸಿಗೆ ಮಾಲೀಕರು ಮುನಿಯುವುದಿಲ್ಲ, ಆದರೆ 'ಇದು ನಕಲಿ' ಎಂದು ಎಲ್ಲರೆದುರು ಹೇಳಿದರೆ ಮಾತು ನಿಲ್ಲುತ್ತದೆ. 'ಚಾಚಾ, ಬರಣಿ ಚೆಂದ ಅದ, ಮುಚ್ಚಳ ಇದರದ್ದಲ್ಲ ನೋಡ್ರಿ' ಎಂದು ತೋರಿಸಿದರೆ ಅವರೇ ದರ ಇಳಿಸುತ್ತಾರೆ. ಬಿಲ್ಲು ಕೇಳಿದರೆ ಬರೆದುಕೊಡುತ್ತಾರೆ. ಅದರಲ್ಲಿ ಅಳತೆ, ಕಂಡ ರಿಪೇರಿ, ದರ ಮೂರೂ ಇರಲಿ. ಅವರು ಸುತ್ತಿಕೊಡುವುದು ಬರೀ ಪೇಪರಿನಲ್ಲಿ, ಅದನ್ನು ನಂಬಿ ಬಸ್ಸು ಹತ್ತಬೇಡಿ. ತಾಟಿಗೊಂದು ಟವೆಲ್ಲು ಸುತ್ತಿ, ರಟ್ಟಿನ ಡಬ್ಬಿಯಲ್ಲಿ ಮಲಗಿಸದೆ ನೆಟ್ಟಗೆ ನಿಲ್ಲಿಸಿ. ಬರಣಿಯ ಮುಚ್ಚಳ ಬೇರೆ ಸುತ್ತಿ, ಹೊಟ್ಟೆಯೊಳಗೆ ಅರಿವೆ ತುಂಬಿ, ಡಬ್ಬಿಯನ್ನು ಸೀಟಿನ ಕೆಳಗಿಡದೆ ತೊಡೆಯ ಮೇಲಿಟ್ಟುಕೊಳ್ಳಿ.